ಹಸಿ ಹೂವಿನ ಬಿಯರ್

ಬಾದಾಮಿ
24 ಜೂನ್ 2024

ಅಪ್ಪಾ,

ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿ ‘ಇಲ್ಲಿ ಎಲ್ಲಾ ಛಲೋ ಐತಿ’ ಎಂದು ಬರೆಯಬೇಕಂತೆ. ಅವ್ವ ಹೇಳಿಕೊಟ್ಟಿದ್ದಾಳೆ. ನಾನು ಬರೆಯುವುದಿಲ್ಲ. ನೀನು ಬಾಗಲಕೋಟೆಯ ವ್ಯಸನಮುಕ್ತಿ ಕೇಂದ್ರದಲ್ಲಿ ಇದ್ದೀ. ಕುಡಿದು ಡ್ಯೂಟಿಗೆ ಬಂದದ್ದಕ್ಕೆ ನಿನ್ನ ಬಸ್ ಡ್ರೈವರ್ ಕೆಲಸ ಸಸ್ಪೆಂಡ್ ಆಗಿದೆ. ಅವ್ವ ಇಳಕಲ್ಲಿನಲ್ಲಿ ಮಗ್ಗದ ಮುಂದೆ ಕುಳಿತು ಓಣಿಯವರ ಜೊತೆ ಮಾತು ಬಿಟ್ಟಿದ್ದಾಳೆ. ಎಲ್ಲಾ ಛಲೋ ಎಂದು ಬರೆದರೆ ಮೊದಲು ನೀನೇ ನಗುತ್ತೀ.

ಛಲೋ ಇರುವವಳು ಒಬ್ಬಳೇ, ಚಿಗರಿ. ಅವಳನ್ನು ಇಳಕಲ್ಲಿನಿಂದ ಬಾದಾಮಿಗೆ ಟಂಟಂನಲ್ಲಿ ತಂದೆ. ದಾರಿಯುದ್ದಕ್ಕೂ ಮೂತಿ ಹೊರಗೆ ಹಾಕಿ ಗಾಳಿ ಕುಡಿಯುತ್ತಾ ಬಂದಳು. ಗುಳೇದಗುಡ್ಡದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಒಬ್ಬ ಮುದುಕ, “ಮುಧೋಳ ನಾಯಿ ಅಲ್ಲೇನೋ ಇದು? ಏನ್ ಕಾಲು, ಏನ್ ನಡಾ! ನಿಮ್ಮ ಮನ್ಯಾಗ ಇದೊಂದ ನೋಡೂ ಹಂಗ ಐತಿ ಕಾಣಸ್ತೈತಿ” ಅಂದ. ಚಿಗರಿ ಎಂಬ ಹೆಸರು ಕೇಳಿ, ಜಿಂಕೆಯಂಥ ಕಾಲಿಗೆ ಸರಿಯಾದ ಹೆಸರು ಎಂದ.

ಇಲ್ಲಿ ಜಾಗಕ್ಕೆ ಕೊರತೆ ಇಲ್ಲ. ನಾನು ಕೆಲಸ ಮಾಡುವ ರಮಾಬಾಯಿ ಕಾಕು ಅವರ ಹೋಮ್‌ಸ್ಟೇ ಹಿಂದೆ ಕೆಂಪು ಬಂಡೆಗಳೇ. ಬಂಡೆ ಹತ್ತಲು ಬರುವ ಹುಡುಗರಿಗೆ ಹಗ್ಗ ಹಿಡಿಯುವುದು, ದಾರಿ ತೋರಿಸುವುದು ನನ್ನ ಕೆಲಸ. ಚಿಗರಿ ಬೆಳಿಗ್ಗೆ ಬಂಡೆಯ ಬುಡದಲ್ಲಿ ಓಡುತ್ತಾಳೆ. ಬಿಸಿಲೇರುವ ಮೊದಲು ತಾನೇ ನೆರಳಿಗೆ ಬರುತ್ತಾಳೆ.

ಇನ್ನೊಂದು ಸುದ್ದಿ. ನಿನಗೆ ಸಿಟ್ಟು ಬರುತ್ತದೆ. ಆದರೂ ಹೇಳುತ್ತೇನೆ, ಬೇರೆಯವರ ಬಾಯಿಂದ ನಿನಗೆ ಗೊತ್ತಾಗುವುದು ಬೇಡ. ಹಿಮಾಚಲದ ಲಾಹುಲ್ ಕಣಿವೆಯಿಂದ ಬಂಡೆ ಹತ್ತಲು ಬಂದ ಗೆಳೆಯನೊಬ್ಬ ಎರಡು ವರ್ಷದ ಹಿಂದೆ ನನಗೆ ಹಾಪ್ಸ್ ಬಳ್ಳಿಯ ಬೇರು ಕೊಟ್ಟಿದ್ದ. ಬಿಯರಿಗೆ ಕಹಿ, ವಾಸನೆ ಕೊಡುವುದು ಅದರ ಹೂವು. ಇಲ್ಲಿ ಅದು ಬದುಕುವುದಿಲ್ಲ ಎಂದು ಎಲ್ಲರೂ ಅಂದರು. ಅದಕ್ಕೆ ಚಳಿಗಾಲ ಬೇಕು. ಬೇಸಿಗೆಗೆ ಮೊದಲು ಬೇರು ಕಿತ್ತು, ಒದ್ದೆ ಗೋಣಿಯಲ್ಲಿ ಸುತ್ತಿ, ಐಸ್‌ಕ್ರೀಂ ಅಂಗಡಿಯ ಅಫ್ಸರನ ಫ್ರಿಜ್ಜಿನ ತಳದಲ್ಲಿ ಇಟ್ಟಿದ್ದೆ. ಬೇರಿಗೆ ತಾನು ಹಿಮಾಲಯದಲ್ಲೇ ಇದ್ದೇನೆ ಅನ್ನಿಸಿರಬೇಕು. ಈ ವರ್ಷ ಬಂಡೆಯ ನೆರಳಿನಲ್ಲಿ ನೆಟ್ಟೆ. ಹತ್ತಲು ಬಾರದಷ್ಟು ಸವೆದ ಹಗ್ಗಗಳನ್ನು ಇಳಿಬಿಟ್ಟೆ. ಬಳ್ಳಿ ಆ ಹಗ್ಗ ಹಿಡಿದು ಛಾವಣಿ ದಾಟಿದೆ. ಈಗ ಮೊಗ್ಗು ಬಂದಿದೆ.

ಹೂವಾದ ಮೇಲೆ ನಾನು ಬಿಯರ್ ಮಾಡುತ್ತೇನೆ. ಮನೆಯಲ್ಲಿ ಮಾಡುವುದು ಕಾನೂನಿಗೆ ಒಪ್ಪಿಗೆ ಇಲ್ಲ ಎಂದೂ ಗೊತ್ತು. ಮಾರುವುದಿಲ್ಲ. ಕುಡಿಯುವ ಆಸೆಯೂ ದೊಡ್ಡದಲ್ಲ. ಕಾಲೇಜು ಬಿಟ್ಟಮೇಲೆ ಆಗುವುದಿಲ್ಲ ಎಂದು ಜನ ಹೇಳಿದ ಒಂದು ಕೆಲಸವನ್ನಾದರೂ ಮಾಡಿ ತೋರಿಸಬೇಕು. ಅಷ್ಟೇ.

ನಿನ್ನ ಮಗ,
ನಾಗಲಿಂಗ

—

ಬಾಗಲಕೋಟಿ
3 ಜುಲೈ 2024

ನಾಗ್ಯಾ,

ನಿನ್ನ ಕಾಗದ ಬಂತು. ಸಾಲಿ ಬಿಟ್ಟಾವ ಸಾಲಿ ಮಾಸ್ತರನಂಗ ಬರೀತಿಯಲ್ಲೋ. ಇಷ್ಟ ಶುದ್ಧ ಬರಿಯಾಂವ ಪೀಯುಸಿ ಪರೀಕ್ಷಾದಾಗ ಯಾಕ ಬರೀಲಿಲ್ಲ?

ಇಲ್ಲಿ ಫೋನ್ ಇಟ್ಕೊಳಾಕ ಬಿಡೂದಿಲ್ಲ. ಕಾಗದಾನೂ ಮೊದಲ ಕೇಂದ್ರ ನಡಸೂ ಗುರಲಿಂಗಪ್ಪ ಸರ್ ಓದತಾರ, ಆಮ್ಯಾಲೆ ನಮ್ಮ ಕೈಗೆ. ನಿನ್ನ ಕಾಗದ ಮಾತ್ರ ಅವರು ಮುಂಚೆ ನೋಡದ, ಎಲ್ಲಾರೂ ದುಂಡಗ ಕುಂತಾಗ ಒಡದು ಜೋರಾಗಿ ಓದಿದ್ರು. ಮಕ್ಕಳು ಅಪ್ಪಗ ಹೆಂಗ ಧೈರ್ಯ ತುಂಬ್ತಾರ ಅಂತ ತೋರಸಬೇಕಂತ ಇತ್ತು ಅವರ ಮನಸಿನ್ಯಾಗ. ಬಿಯರ್ ಅನ್ನೂ ಮಾತು ಬಂದಕೂಡ್ಲೇ ಅವರ ದನಿ ನಿಂತಿತು. ನಮ್ಮ ಮಂದಿ, “ಓದ್ರಿ ಸರ್, ಮುಂದ ಓದ್ರಿ, ಹೂವಿನ ವಾಸನಿ ಹೆಂಗ ಐತಂತ?” ಅಂತ ಶುರು ಮಾಡಿದ್ರು. ಹುನಗುಂದದ ಪಾಂಡಪ್ಪ ಅನ್ನಾಂವ ನಾಲಿಗಿ ಹೊರಗ ಹಾಕಿ ತುಟಿ ನೆಕ್ಕೊಂಡ. ಅವತ್ತ ಎಲ್ಲಾರಿಗೂ ಹೆಚ್ಚಿನ ಪ್ರಾರ್ಥನಾ ಶಿಕ್ಷೆ. ಅಪ್ಪ ಕುಡಿಯೂದು ಬಿಡಾಕ ಬಂದಾನ, ಮಗ ಕುಡಿಯೂದನ್ನ ಬೆಳಿಯಾಕ ಹತ್ಯಾನ ಅಂತ ದಿನಾ ನಗತಾರ. ನಗಲಿ. ಇಲ್ಲಿ ನಗಾಕ ಬ್ಯಾರೆ ಏನೂ ಇಲ್ಲ.

ನೀ ಏನರೆ ಮಾಡು. ಕುಡಿ, ಬಂಡಿಗಲ್ಲಿನ ಮ್ಯಾಲಿಂದ ಬೀಳು. ನಿನ್ನ ಮ್ಯಾಲೆ ಆಸೆ ಇಟ್ಕೊಂಡ ದಿನಾ ಮುಗದಾವು. ಆದ್ರ ಚಿಗರಿ ಮಾತ್ರ ನನ್ನಾಕಿ. ಆಕಿಗೆ ಜ್ವಾಳದ ರೊಟ್ಟಿ ಹಾಲಾಗ ಹಿಸುಗಿ ಹಾಕು, ಎರಡ ದಿನಕ್ಕೊಮ್ಮೆ ತತ್ತಿ. ಸರಪಳಿ ಹಾಕಬ್ಯಾಡ. ಸಂಜೀಗೆ ಅಂಗಾಲು ನೋಡು, ಹರಳು ಚುಚ್ಚಿರತಾವ. ಸಿಕ್ಕದ್ದಕ್ಕೆಲ್ಲಾ ಬಾಯಿ ಹಾಕಾಕ ಬಿಡಬ್ಯಾಡ, ಆಕಿಗೆ ಸಿಹಿ ಅಂದ್ರ ಜೀವ.

ನಾ ಯಾಕ ಇಲ್ಲಿಗೆ ಬಂದೇನಿ ನಿನಗ ಗೊತ್ತೈತಿ. ನಿಮ್ಮವ್ವ ಅತ್ಲು, ಬಿಡಲಿಲ್ಲ. ಡಾಕ್ಟರ್ ಯಕೃತ್ತಿನ ಫೋಟೋ ತೋರಿಸಿದ, ಬಿಡಲಿಲ್ಲ. ನೌಕರಿ ಹೋತು, ಆಗೂ ಬಿಡಲಿಲ್ಲ. ಕುಡದ ಬಂದು ಕೈ ಚಾಚಿದ್ರ ಚಿಗರಿ ಮೂಸಿ ಮುಖಾ ತಿರುಗಸ್ತಿದ್ಲು. ಬೈಯೂದಿಲ್ಲ, ಅಳೂದಿಲ್ಲ, ಬರೇ ಮುಖಾ ತಿರುಗಸೂದು. ಒಂದಿನ ಮಾಂಸದ ತುಂಡ ಹಿಡದ ಕರದೆ. ಆಗೂ ತಿರುಗಿಸಿದ್ಲು. ಮರುದಿನ ನಾನ ಬ್ಯಾಗ್ ತುಂಬಿದೆ. ದಸರಾಕ್ಕ ಹೊರಗ ಬರ್ತೇನಿ. ಬಂದು ಮೊದಲ ಆಕಿ ಮುಂದ ಕೈ ಚಾಚತೇನಿ. ಆ ಒಂದಕ್ಕ ಇಲ್ಲಿ ಕುಂತೇನಿ.

ಆಕಿಗೆ ಏನರೆ ಆದ್ರ ನನಗ ನೀನೂ ಇಲ್ಲ, ನಿನಗ ನಾನೂ ಇಲ್ಲ.

ಅಮಾತೆಪ್ಪ

—

ಬಾದಾಮಿ
20 ಜುಲೈ 2024

ಅಪ್ಪಾ,

ನೀನು ಬೈದದ್ದನ್ನೆಲ್ಲ ಓದಿದೆ. ಚಿಗರಿ ಈಗ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗಿದ್ದಾಳೆ. ಕಾಗದ ಮೂಸಿದಳು. ನಿನ್ನ ವಾಸನೆ ಸಿಕ್ಕಿತೋ ಏನೋ, ಬಾಲ ಒಮ್ಮೆ ನೆಲಕ್ಕೆ ಬಡಿದಳು. ಇದು ನಿನ್ನನ್ನು ಖುಷಿಪಡಿಸಲು ಬರೆದದ್ದಲ್ಲ. ನಿಜವಾಗಿ ಬಡಿದಳು.

ಈ ಕಾಗದವನ್ನು ಸರ್ ಜೋರಾಗಿ ಓದದಿದ್ದರೆ ಒಳ್ಳೆಯದು. ಹೂವು ಬಂದಿದೆ. ಸಣ್ಣ ಹಸಿರು ಸೀತಾಫಲದ ಹಾಗೆ, ಪಕಳೆಯ ಮೇಲೆ ಪಕಳೆ, ಕಾಗದದಷ್ಟು ಹಗುರ. ಬಿಡಿಸಿದರೆ ಬುಡದಲ್ಲಿ ಅರಿಷಿಣದಂಥ ಹಳದಿ ಪುಡಿ, ಕೈಗೆ ಅಂಟುತ್ತದೆ. ಉಜ್ಜಿ ಮೂಸಿದರೆ ಲಿಂಬೆ ಸಿಪ್ಪೆ, ಹಸಿ ಮಾವು, ಕೊನೆಗೆ ಒಂದಿಷ್ಟು ಬೆಳ್ಳುಳ್ಳಿ. ಬಳ್ಳಿ ಹಗ್ಗಕ್ಕೆ ಸುತ್ತುವುದು ಒಂದೇ ದಿಕ್ಕಿಗೆ. ನಾನು ಬೇಕೆಂದೇ ಒಂದು ಕುಡಿಯನ್ನು ಎದುರು ದಿಕ್ಕಿಗೆ ಸುತ್ತಿ ಕಟ್ಟಿದೆ. ಮರುದಿನ ಬಿಚ್ಚಿಕೊಂಡು ಮತ್ತೆ ತನ್ನ ದಿಕ್ಕಿಗೇ ಹೋಗಿತ್ತು. ರಮಾಬಾಯಿ ಕಾಕು ನೋಡಿ, “ನಿನ್ನಂಥಾದ್ದು ಇನ್ನೊಂದು ಸಿಕ್ಕಿತು ನೋಡು” ಎಂದರು.

ಅಂಗಡಿಯಲ್ಲಿ ಸಿಗುವ ಬಿಯರಿಗೆ ಹೂವನ್ನು ಒಣಗಿಸಿ, ಪುಡಿ ಮಾಡಿ, ಗುಳಿಗೆ ಕಟ್ಟಿ ಹಾಕುತ್ತಾರೆ. ಹಸಿ ಹೂವಿನದು ಬೇರೆ ರುಚಿಯಂತೆ. ಆದರೆ ಅದು ಕಾಯುವುದಿಲ್ಲ, ಬಳ್ಳಿಯಿಂದ ಬಿಡಿಸಿದ ದಿನವೇ ಹಂಡೆಗೆ ಬೀಳಬೇಕು, ತಡವಾದರೆ ಹುಲ್ಲಿನ ನಾತ. ಒಣ ಹೂವಿಗಿಂತ ಐದಾರು ಪಟ್ಟು ಹೆಚ್ಚೂ ಬೇಕು. ನಾಳೆ ನಸುಕಿನಲ್ಲೇ ಬಿಡಿಸುತ್ತೇನೆ. ಕಾಕು ಅವರ ತಾಮ್ರದ ಹಂಡೆ ಕೊಟ್ಟಿದ್ದಾರೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಕೊರಿಯರಿನಲ್ಲಿ ಬಂದಿದೆ. ಹೂವು ಕಟ್ಟಿ ಕುದಿಸಲು ಅವ್ವನ ಹಳೆಯ ಇಳಕಲ್ ಸೀರೆಯ ತುಂಡಿದೆ. ಸೋಸಿದ ಮೇಲೆ ಉಳಿಯುವ ಹಿಪ್ಪೆಯನ್ನು ಹೊರಗೆ ಚೆಲ್ಲಕೂಡದು, ಎಮ್ಮೆಯ ಮುಸುರಿ ಬಾನಿಗೆ ಸುರಿಯಬೇಕು ಎಂದು ಕಾಕು ಈಗಲೇ ಹೇಳಿಟ್ಟಿದ್ದಾರೆ. ಕಾಳು ಕುದಿಸಿದ್ದನ್ನು ಯಾರಾದರೂ ಚೆಲ್ಲುತ್ತಾರೆಯೇ ಎಂದು ಅವರ ಮಾತು.

ಚಿಗರಿಯ ಅಂಗಾಲು ದಿನಾ ನೋಡುತ್ತಿದ್ದೇನೆ.

ನಾಗಲಿಂಗ

—

ಇಳಕಲ್ಲ
29 ಜುಲೈ

ನಾಗಲಿಂಗಾ,

ನೀ ಫೋನ್ ಎತ್ತವಲ್ಲಿ. ಅದಕ್ಕ ನಿಮ್ಮ ದೊಡ್ಡಪ್ಪನ ಮಗ ಸಂಗಮೇಶನ ಕೈಯಾಗ ಈ ಚೀಟಿ ಕೊಟ್ಟ ಕಳಸೇನಿ. ಅವನ ಹೇಳಿದ, ಚಿಗರಿ ಸತ್ತಳಂತ. ನೀ ಬಂಡಿಗಲ್ಲಿನ ಹಿಂದ ಹುಗದಿಯಂತ.

ಯಾಕ, ಹೆಂಗ ಅಂತ ನಾ ಕೇಳೂದಿಲ್ಲ. ಸತ್ತಾಕಿ ಸತ್ತಳು. ಈಗ ನಾ ಹೇಳೂದ ಕೇಳು. ನಿಮ್ಮಪ್ಪಗ ಬರೀಬ್ಯಾಡ. ನಾ ಬರದೇನಿ, ಚಿಗರಿನ್ನ ಇಳಕಲ್ಲಿಗೆ ತಂದೇವಿ, ನನ್ನ ಹಂತ್ಯಾಕ ಆರಾಮ ಅದಾಳ ಅಂತ. ದಸರಾ ತನಕ ಆ ಮನಷ್ಯಾ ಅಲ್ಲಿ ಇರಬೇಕು. ಅಲ್ಲಿಂದ ಛಲೋ ಆಗಿ ಬಂದಾನಂತ ಕಾಗದ ಕೊಟ್ರ ಡಿಪೋದವರು ಮತ್ತ ತಗೋತಾರಂತ. ಬಂದಮ್ಯಾಲೆ ನಾನ ಹೇಳ್ತೇನಿ, ಹೊಡದ್ರ ನನ್ನ ಹೊಡೀಲಿ.

ಹದಿನೆಂಟ ವರ್ಷ ನಿನ್ನ ಖರೇ ಮಾತು ಕೇಳಿ ಸಾಕಾಗೇತಿ. ಮಾಸ್ತರ ಮುಂದ ಖರೇ, ಬೀಗರ ಮುಂದ ಖರೇ. ನಿನ್ನ ಖರೇದಿಂದ ಯಾರ ಹೊಟ್ಟಿ ತುಂಬೇತಿ? ಒಂದ ಸಲ ಬಾಯಿ ಮುಚ್ಚು. ಸುಳ್ಳ ಹೇಳ ಅನ್ನೂದಿಲ್ಲ. ಸುಮ್ಮಕಿರು.

ಅವ್ವ

—

ಬಾಗಲಕೋಟಿ
12 ಆಗಸ್ಟ್ 2024

ನಾಗ್ಯಾ,

ನಿನ್ನ ಕಾಗದ ಯಾಕ ಬರವಲ್ದು? ಬಿಯರ್ ತಲೀಗೇರಿ ಕೈ ನಡಗಾಕ ಹತ್ತೇತೇನು? ನನ್ನ ಕೈ ಈಗ ನಡಗೂದಿಲ್ಲ, ಅಕ್ಷರ ನೋಡು. ಮೊನ್ನೆ ಸೂಜ್ಯಾಗ ದಾರ ಪೋಣಿಸಿ ಎಲ್ಲಾರಿಗೂ ತೋರಿಸಿದೆ. ಗುರಲಿಂಗಪ್ಪ ಸರ್ ಹೊಸದಾಗಿ ಬಂದವರ ಮುಂದ ನನ್ನ ನಿಲ್ಲಸ್ತಾರ, ಮಾತಾಡ್ರಿ ಅಮಾತೆಪ್ಪ ಅಂತಾರ. ನಾ ಚಿಗರಿ ಸುದ್ದಿ ಹೇಳ್ತೇನಿ. ಮಂದಿ ಅಳತಾರ. ಯಾರರೆ ಅತ್ರ ಇಲ್ಲಿ ಚಪ್ಪಾಳಿ ಹೊಡಿಯೂ ಪದ್ಧತಿ.

ನಿಮ್ಮವ್ವ ಬರದಾಳ, ಚಿಗರಿ ಇಳಕಲ್ಲಿನ್ಯಾಗ ಅದಾಳ, ಆಕಿ ಕೈಯಿಂದ ರೊಟ್ಟಿ ತಿನ್ನತಾಳ ಅಂತ. ನಾಗ್ಯಾ, ಚಿಗರಿ ಯಾವತ್ತರೆ ನಿಮ್ಮವ್ವನ ಕೈಯಿಂದ ತಿಂದಾಳೇನು? ಪರಾತದಾಗ ಹಾಕಿ ಇಟ್ರ, ನಿಮ್ಮವ್ವ ಒಳಗ ಹೋದ ಮ್ಯಾಲೆ ತಿನ್ನೂ ನಾಯಿ ಅದು.

ನಿಮ್ಮವ್ವಗ ಸುಳ್ಳ ಹೇಳಾಕ ಬರೂದಿಲ್ಲ, ಬರೇ ಚಟ ಐತಿ. ನಿನಗ ಚಟಾನೂ ಇಲ್ಲ. ಕಾಲೇಜು ಬಿಟ್ಟ ದಿನ ಬಂದು ಬಾಗಲಾಗ ನಿಂತು, “ನಾ ಇನ್ನ ಹೋಗೂದಿಲ್ಲ, ಫೀ ರೊಕ್ಕದಾಗ ಬಂಡಿಗಲ್ಲ ಹತ್ತೂ ಬೂಟ ತಗೊಂಡೆ” ಅಂದಿ. ನಾ ನಿನ್ನ ಕಪಾಳಕ್ಕ ಹೊಡದೆ. ಹೊಡೀವಾಗೂ ಮನಸಿನ್ಯಾಗ ಅಂದೆ, ನನ್ನ ಮನ್ಯಾಗ ಒಬ್ಬಾಂವರೆ ಖರೇ ಹೇಳಾಂವ ಹುಟ್ಯಾನ.

ಅದಕ್ಕ ನಿನ್ನ ಕೇಳತೇನಿ. ಒಂದ ಸಾಲು ಬರಿ. ಚಿಗರಿ ಹೆಂಗ ಅದಾಳ?

ಅಪ್ಪ

—

ಬಾದಾಮಿ
16 ಆಗಸ್ಟ್ 2024

ಅವ್ವಾ,

ಹೆಂಗ ಸತ್ತಳು ಎಂದು ನೀನು ಕೇಳಲಿಲ್ಲ. ಅಪ್ಪ ಕೇಳಿದ್ದಾನೆ. ಅವನಿಗೆ ಬರೆಯುವ ಮೊದಲು ನಿನಗೆ ಹೇಳುತ್ತೇನೆ.

ಆ ದಿನ ನಸುಕಿನಲ್ಲಿ ಹೂವು ಬಿಡಿಸಿದೆ. ಬಾರ್ಲಿ ಬೇಯಿಸಿ ಸೋಸಿ, ಆ ಸಿಹಿ ನೀರಿಗೆ ನಿನ್ನ ಸೀರೆಯ ತುಂಡಿನಲ್ಲಿ ಕಟ್ಟಿದ ಹೂವು ಇಳಿಬಿಟ್ಟು ಕುದಿಸಿದೆ. ಓಣಿಯೆಲ್ಲ ವಾಸನೆ. ಕಾಕು ಬಂದು, “ಏನರೆ ಆಗ್ಲಿ, ವಾಸನಿ ಮಾತ್ರ ದೇವರ ಮನಿಗೆ ಇಡೂ ಹಂಗ ಐತಿ” ಎಂದು ನಕ್ಕರು. ಕುದಿಸಿದ ಹೂವನ್ನು ಹಿಂಡಿ, ಕಾಳಿನ ಹಿಪ್ಪೆಯ ಜೊತೆ ಎಮ್ಮೆಯ ಮುಸುರಿ ಬಾನಿಗೆ ಸುರಿದೆ. ಎಮ್ಮೆ ಮೂಸಿ, ಸೀನಿ, ಹಿಂದೆ ಸರಿಯಿತು. ಕಹಿ ಎಂದು ಅದಕ್ಕೆ ತಿಳಿಯಿತು. ನಾನು ನಕ್ಕು ಹಂಡೆಯ ಕಡೆ ತಿರುಗಿದೆ. ನಾನು ತಿರುಗಿದ ಮೇಲೆ ಚಿಗರಿ ಬಾನಿಗೆ ಬಾಯಿ ಹಾಕಿದ್ದಾಳೆ. ಬಾರ್ಲಿಯ ಸಿಹಿ ಅವಳನ್ನು ಕರೆದಿರಬೇಕು. ಸಿಹಿ ಅಂದ್ರ ಜೀವ ಎಂದು ಅಪ್ಪ ಬರೆದಿದ್ದ. ಅದನ್ನು ಓದಿಯೂ ಇದ್ದೆ.

ಮಧ್ಯಾಹ್ನ ಅವಳು ಏದುಸಿರು ಬಿಡುವುದು ಕೇಳಿಸಿತು. ಓಡಿ ಬಂದಿದ್ದಾಳೆ ಅಂದುಕೊಂಡೆ. ಮುಟ್ಟಿದರೆ ಮೈ ಕಾದ ಹಂಚು. ಎತ್ತಿಕೊಂಡು ಅಗಸ್ತ್ಯ ಹೊಂಡಕ್ಕೆ ಓಡಿದೆ, ಕುತ್ತಿಗೆ ತನಕ ನೀರಿನಲ್ಲಿ ಹಿಡಿದು ಕುಳಿತೆ. ಬಟ್ಟೆ ಒಗೆಯುವ ಹೆಂಗಸರು ಒಗೆಯುವುದು ನಿಲ್ಲಿಸಿ ನೋಡಿದರು. ನೀರೊಳಗೆ ಹಿಡಿದರೂ ಅವಳ ಮೈ ತಣ್ಣಗಾಗಲಿಲ್ಲ. ಒಳಗೆ ಯಾರೋ ಒಲೆ ಹಚ್ಚಿದ ಹಾಗೆ. ದನದ ದವಾಖಾನೆಯ ಡಾಕ್ಟರು ಸೂಜಿ ಹಾಕಿದರು, ಐಸ್ ತರಿಸಿದರು. ಆ ಹೂವನ್ನು ಅವರು ಯಾವತ್ತೂ ನೋಡಿರಲಿಲ್ಲ. ಲಾಹುಲ್‌ನ ಗೆಳೆಯನಿಗೆ ಫೋನ್ ಮಾಡಿದೆ. ನಾನು ಪೂರ್ತಿ ಹೇಳುವ ಮೊದಲೇ ಅವನು, ನಾಯಿ ತಿಂದಿತಾ ಎಂದ. ಅವರ ಮನೆಯಲ್ಲಿ ಕುದಿಸಿದ ಹೂವನ್ನು ಗುಂಡಿ ತೋಡಿ ಮುಚ್ಚುತ್ತಾರಂತೆ. ನಾಯಿಗೆ ಅದು ವಿಷ, ಓಟದ ನಾಯಿಗಳಿಗೆ ಇನ್ನೂ ಹೆಚ್ಚು. ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ.

ಹೊತ್ತು ಮುಳುಗುವ ಮುಂಚೆ ಸತ್ತಳು. ಕಾಲು ಕಟ್ಟಿಗೆಯ ಹಾಗೆ ಸೆಟೆದಿದ್ದವು. ಜೀವ ಹೋಗುವ ಮೊದಲು ಒಮ್ಮೆ ಕೈ ಚಾಚಿದ್ದೆ. ನನ್ನ ಕೈಯಲ್ಲಿ ಆ ಹೂವಿನ ವಾಸನೆ ಇತ್ತು. ಮುಖ ತಿರುಗಿಸಿದಳು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅವಳನ್ನು ಮಣ್ಣಿಗಿಟ್ಟು ಬಂದಾಗ ಹಂಡೆಯ ನೀರು ಆರಿತ್ತು. ಹುದುಗಿಗೆ ಈಸ್ಟ್ ಬೆರೆಸುವ ಹದ ಅದೇ. ಚೆಲ್ಲಬೇಕು ಎಂದು ಹಂಡೆ ಹಿಡಿದೆ. ಚೆಲ್ಲಲಿಲ್ಲ. ಕೈಯ ಮಣ್ಣು ತೊಳೆದು ಈಸ್ಟ್ ಬೆರೆಸಿದೆ, ಬಕೆಟ್ಟಿಗೆ ಸುರಿದು ಮುಚ್ಚಿದೆ. ಯಾಕೆ ಎಂದು ಕೇಳಬೇಡ. ಎರಡು ವರ್ಷ ಕಾದಿದ್ದೆ.

ನಾನು ಸುಮ್ಮನಿರಲಾರೆ ಅವ್ವಾ. ಅವನು ನನ್ನನ್ನೇ ಕೇಳಿದ್ದಾನೆ.

ನಾಗಲಿಂಗ

—

ಬಾದಾಮಿ
19 ಆಗಸ್ಟ್ 2024

ಅಪ್ಪಾ,

ಚಿಗರಿ ಸತ್ತಿದ್ದಾಳೆ. ಹೋದ ತಿಂಗಳೇ. ನಾನು ಕುದಿಸಿ ಎಸೆದ ಹೂವು ತಿಂದು. ಇಳಕಲ್ಲಿಗೆ ಅವಳು ಹೋಗಲೇ ಇಲ್ಲ.

ದಸರಾ ತನಕ ಅಲ್ಲೇ ಇರು.

ನಾಗಲಿಂಗ

—

ಬಾಗಲಕೋಟಿ
21 ಸೆಪ್ಟೆಂಬರ್ 2024

ನಾಗಲಿಂಗಾ,

ಈ ಕಾಗದ ಗುರಲಿಂಗಪ್ಪ ಸರ್ ಕಣ್ಣಿಗೆ ಬಿದ್ದಿಲ್ಲ. ಪಾಂಡಪ್ಪ ಇವತ್ತ ಹೊರಗ ಹೊಂಟಾನ, ಅವನ ಕೈಯಾಗ ಕೊಟ್ಟೇನಿ.

ನಿನ್ನ ಕಾಗದ ಸರ್ ಮೊದಲ ಓದಿದ್ರು. ನನ್ನ ಒಳಗ ಕರದು, ಬಾಗಲಾ ಹಾಕಿ, ಕೈ ಹಿಡಕೊಂಡು ಕೊಟ್ರು. “ಅಳ್ರಿ ಅಮಾತೆಪ್ಪ, ಅತ್ತಬಿಡ್ರಿ” ಅಂದ್ರು. ನಾ ಅಳಲಿಲ್ಲ. ಅತ್ರ ಅವರು ಚಪ್ಪಾಳಿ ಹೊಡೀತಿದ್ರು.

ಮರುದಿನ ಹೊಸಬರ ಮುಂದ ಮತ್ತ ನನ್ನ ನಿಲ್ಲಿಸಿದ್ರು. ಚಿಗರಿ ಸುದ್ದಿ ಹೇಳಿದೆ, ಮೊದಲಿನಂಗನ. ಹುನಶ್ಯಾಳದ ಒಬ್ಬ ಹುಡುಗ ಕೇಳಿದ, “ಈಗ ಎಲ್ಲಿ ಅದಾಳ್ರಿ ಕಾಕಾ?” ಬಾದಾಮ್ಯಾಗ ನನ್ನ ದಾರಿ ಕಾಯಾಕ ಹತ್ಯಾಳ ಅಂದೆ. ಆ ಹುಡುಗ ಅತ್ತ. ಎಲ್ಲಾರೂ ಚಪ್ಪಾಳಿ ಹೊಡದ್ರು. ಅವತ್ತಿಂದ ದಿನಾ ಅದನ್ನ ಹೇಳತೇನಿ. ಇಲ್ಲಿ ಕಲಿತದ್ದು ಇದೊಂದ.

ನೀ ದಸರಾ ತನಕ ಇರ ಅಂದಿ. ಇರ್ತೇನಿ. ಸಹಿ ಮಾಡಿ ಕಾಗದ ತಗೊಂಡ ಬರ್ತೇನಿ. ನಿಮ್ಮವ್ವ ಸ್ಟ್ಯಾಂಡಿನ್ಯಾಗ ಹೂವಿನ ಮಾಲಿ ಹಿಡಕೊಂಡ ನಿಂದರತಾಳ, ಆದ್ರ ನಾ ಇಳಕಲ್ಲಿಗೆ ಹೋಗೂದಿಲ್ಲ. ಮೊದಲ ಬಾದಾಮಿಗೆ ಬರ್ತೇನಿ.

ನೀ ಮಾಡಿದ್ದು ಒಂದ ಬಾಟ್ಲಿ ತಗದಿಡು. ನನ್ನ ನಾಯಿ ಎಂಥಾದ್ದಕ್ಕ ಸತ್ತಳು ನಾನೂ ನೋಡತೇನಿ.

ಅಮಾತೆಪ್ಪ

—

ಇಳಕಲ್ಲ
4 ಅಕ್ಟೋಬರ್

ನಾಗಲಿಂಗಾ,

ಪಾಂಡಪ್ಪ ಅನ್ನಾಂವ ಬಾದಾಮಿಗೆ ಹೋಗೂ ಮೊದಲ ಇಳಕಲ್ಲಿಗೆ ಬಂದಿದ್ದ. ನಿಮ್ಮಪ್ಪನ ಕಾಗದ ನಾ ಒಡದ ಓದಿ ಮತ್ತ ಅಂಟಿಸಿ ಕೊಟ್ಟೇನಿ. ಅದರಾಗ ಏನ ಐತಿ ಗೊತ್ತಾತು.

ನೀ ಅವಂಗ ಖರೇ ಬರದಿ. ಆತು, ನಿನ್ನ ಹಟಾ ಗೆದ್ದಿ. ಈಗ ಅಷ್ಟೂ ಬಾಟ್ಲಿ ಒಡದ ಹಾಕು. ಒಡಿಯಾಕ ಮನಸಾಗ್ಲಿಲ್ಲ ಅಂದ್ರ ಕೆಟ್ಟೈತಿ ಅನ್ನು. ಹುಳಿ ಆಗೇತಿ, ನಾತ ಹೊಡೀತೈತಿ, ಏನರೆ ಅನ್ನು. ನಿಮ್ಮಪ್ಪ ಎಂಥಾ ಕುಡುಕ ಆದ್ರೂ ಹುಳಿ ಆದದ್ದನ್ನ ಕುಡದಾಂವಲ್ಲ. ಒಂದ ಹನಿ ಬಾಯಿಗೆ ಹೋತಂದ್ರ ಇಷ್ಟ ತಿಂಗಳದ್ದು ನೀರಾಗ ಹೋತು. ಡಾಕ್ಟರ್ ಏನ ಹೇಳ್ಯಾನ ನಿನಗೂ ಗೊತ್ತೈತಿ. ಮತ್ತ ಶುರು ಮಾಡಿದ್ರ ಆ ಮನಷ್ಯಾ ಉಳಿಯೂದಿಲ್ಲ.

ಒಂದ ಮಾತು. ಕೆಟ್ಟೈತಿ. ಅಷ್ಟ ಅನ್ನು. ಕಾಲ ಬೀಳ್ತೇನಿ.

ಅವ್ವ

—

ಬಾದಾಮಿ
21 ಅಕ್ಟೋಬರ್ 2024

ಅವ್ವಾ,

ಅಪ್ಪ ಬಂದ. ಅವನು ಅಲ್ಲಿಗೆ ಬರುವುದಿಲ್ಲ ಎಂದು ಓದಿದ ಮೇಲೂ ನೀನು ಇಳಕಲ್ ಸ್ಟ್ಯಾಂಡಿನಲ್ಲಿ ಕಾದಿದ್ದೆ ಎಂದು ಸಂಗಮೇಶ ಹೇಳಿದ. ಆಗ ಅವನು ಇಲ್ಲಿ ನನ್ನ ಎದುರಿಗೆ ಕುಳಿತಿದ್ದ.

ಮುಖ ತುಂಬಿದೆ, ಕಣ್ಣು ಬೆಳ್ಳಗಾಗಿವೆ. ಅಂಗಿ ಇಸ್ತ್ರಿ ಆಗಿತ್ತು. ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆಯಲಿಲ್ಲ. “ಎಲ್ಲಿ?” ಎಂದ. ತೋರಿಸಿದೆ. ಕಲ್ಲಿನ ಹತ್ತಿರ ಹೋಗಿ ಮಣ್ಣು ಮುಟ್ಟಿ ನೋಡಿದ. ಆಮೇಲೆ ಬಳ್ಳಿ ಎಲ್ಲಿ ಎಂದ. ಎಲೆ ಹಳದಿಯಾಗಿ ಹಗ್ಗಕ್ಕೆ ಜೋತಿತ್ತು. ಅದನ್ನು ಮೇಲಿಂದ ಕೆಳಗೆ ನೋಡಿದ. “ಬಾಟ್ಲಿ ತಾ” ಎಂದ.

ನಾನು ಒಡೆದಿರಲಿಲ್ಲ. ಒಡೆಯಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಒಂದನ್ನು ಮಾತ್ರ ತೆಗೆದು ರುಚಿ ನೋಡಿದ್ದೆ.

ಬಾಟಲಿ ಅವನ ಮುಂದೆ ಇಟ್ಟೆ. ಅವನು ಮುಟ್ಟಲಿಲ್ಲ. ಕೈ ಮೊಣಕಾಲ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದ.

“ನೀ ಕುಡದ ನೋಡಿದೇನು?”

“ನೋಡೀನಿ.”

“ಹೆಂಗ ಆಗೇತಿ?”

ನೀನು ಹೇಳಿದ ಮಾತು ಬಾಯಲ್ಲೇ ಇತ್ತು. ಬೆಳಿಗ್ಗೆಯಿಂದ ಎಮ್ಮೆಯ ಮುಂದೆ ನಿಂತು ಅಂದು ನೋಡಿದ್ದೆ. ಹುಳಿ ಆಗೇತಿ, ಹುಳಿ ಆಗೇತಿ.

ಅವನೇ ಹೇಳಿದ, “ಕೆಟ್ಟಿದ್ರ ಹೇಳು. ಇಲ್ಲೇ ಚೆಲ್ಲತೇನಿ, ಮುಂದಿನ ಬಸ್ಸಿಗೆ ಇಬ್ಬರೂ ಇಳಕಲ್ಲಿಗೆ ಹೋಗೂಣು, ನಿಮ್ಮವ್ವನ ಕೈಯಾಗ ರೊಟ್ಟಿ ತಿನ್ನೂಣು. ನಿನ್ನ ಮಾತಿನ ಮ್ಯಾಲೆ ಬಿಟ್ಟೇನಿ. ನೀ ಅಂದದ್ದ ಖರೇ.”

ಅಪ್ಪ ನನಗೆ ಬಾಗಿಲು ತೆಗೆದು ಹಿಡಿದಿದ್ದ, ಅವ್ವಾ. ಅವನಿಗೂ ಆ ಸುಳ್ಳು ಬೇಕಾಗಿತ್ತು. ನನಗೆ ಗೊತ್ತಾಯಿತು. ಗೊತ್ತಾಗಿಯೂ ಅಂದೆ.

“ಭಾಳ ಛಲೋ ಆಗೇತಿ.”

ಯಾಕೆ ಅಂದೆ ಎಂಬುದನ್ನೂ ಹೇಳುತ್ತೇನೆ. ಕೆಟ್ಟಿದೆ ಎಂದರೆ ಅವಳು ಕೆಟ್ಟ ವಸ್ತುವಿಗಾಗಿ ಸತ್ತ ಹಾಗೆ ಆಗುತ್ತಿತ್ತು ಅನ್ನಿಸಿತು. ಇದು ಅರ್ಧ. ಉಳಿದರ್ಧ ಹೆಮ್ಮೆ. ಅದು ನಿಜವಾಗಿಯೂ ಛಲೋ ಆಗಿತ್ತು. ನಾನು ಹುಟ್ಟಿದ ಮೇಲೆ ನೆಟ್ಟಗೆ ಮಾಡಿದ ಒಂದೇ ಕೆಲಸ ಅದು. ಅಪ್ಪನ ಮುಂದೆ ಅದನ್ನು ಕೆಟ್ಟದ್ದು ಅನ್ನಲು ನಾಲಿಗೆ ಏಳಲಿಲ್ಲ.

ಅವನು ಮುಚ್ಚಳ ತೆಗೆದ. ನೊರೆ ಉಕ್ಕಿ ಕೈ ಮೇಲೆ ಇಳಿಯಿತು. ಒಂದು ಗುಟುಕು ಬಾಯಲ್ಲಿ ಹಿಡಿದು ಕಣ್ಣು ಮುಚ್ಚಿದ. “ಖರೆ ಐತಿ. ಹಿಂಥಾದ್ದ ನಾ ಜನ್ಮದಾಗ ಕುಡದಿಲ್ಲ” ಎಂದ. ಕಾಲೇಜು, ಬೂಟು, ಏನಕ್ಕೂ ಅವನು ನನ್ನನ್ನು ಹೊಗಳಿದ್ದಿಲ್ಲ. ಇದಕ್ಕೆ ಹೊಗಳಿದ. ಬಾಟಲಿ ಮುಗಿಸಿ ಇನ್ನೊಂದು ತಾ ಎಂದ. ತಂದುಕೊಟ್ಟೆ.

ಎರಡನೆಯದು ಮುಗಿದ ಮೇಲೆ ನೊರೆಯಿಂದ ಒದ್ದೆಯಾದ ಕೈಯನ್ನು ನೆಲದಿಂದ ಒಂದು ಗೇಣು ಮೇಲೆ, ಅವಳ ಮೂತಿ ಬರುವ ಎತ್ತರಕ್ಕೆ ಚಾಚಿದ. ಹಾಗೇ ಹಿಡಿದುಕೊಂಡು ಕುಳಿತ. ಕಾಕು ಎಮ್ಮೆ ಹಿಂಡುವುದು ಮುಗಿಸಿ ಒಳಗೆ ಹೋದರೂ ಕೈ ಹಾಗೇ ಇತ್ತು.

“ನೋಡ ನಾಗ್ಯಾ,” ಎಂದ. “ಈಗ ಮುಖಾ ತಿರುಗಸವರ ಯಾರೂ ಇಲ್ಲ.”

ಇನ್ನೊಂದು ಮರಿ ತರೋಣ ಎಂದೆ. “ಇನ್ನೊಂದು ನಾಯಿ ಈ ಅಂಗಳಕ್ಕ ಕಾಲಿಟ್ರ ನಾ ಎದ್ದ ಹೋಗ್ತೇನಿ” ಎಂದ.

ಅಂದಿನಿಂದ ಇಲ್ಲೇ ಇದ್ದಾನೆ. ಬಾಟಲಿಗಳು ಮುಗಿದವು. ಈಗ ಸ್ಟೇಷನ್ ರಸ್ತೆಯ ಅಂಗಡಿಗೆ ಹೋಗುತ್ತಾನೆ, ನನ್ನದರಷ್ಟು ಛಲೋ ಇಲ್ಲ ಎಂದು ಬೈಯುತ್ತಾ ಕುಡಿಯುತ್ತಾನೆ. ಬೆಳಿಗ್ಗೆ ಎದ್ದು ಬಳ್ಳಿಗೆ ನೀರು ಹಾಕುವುದು ಅವನೇ. ಮುಂದಿನ ವರ್ಷ ದೊಡ್ಡ ಹಂಡೆ ಇಡೋಣ ಅನ್ನುತ್ತಾನೆ. ಬಳ್ಳಿ ಕೀಳುತ್ತೇನೆ ಎಂದದ್ದಕ್ಕೆ ಗುದ್ದಲಿ ಕಸಿದುಕೊಂಡ. ಡಿಪೋಕ್ಕೆ ಕೊಡಬೇಕಾದ ಕಾಗದ ಅವನ ಬ್ಯಾಗಿನಲ್ಲೇ ಇದೆ. ಕೈ ಮತ್ತೆ ನಡುಗುತ್ತಿದೆ.

ನಾಗಲಿಂಗ

—

ಇಳಕಲ್ಲ
26 ಅಕ್ಟೋಬರ್

ನಾಗಲಿಂಗಾ,

ನಿನ್ನ ಕಾಗದ ಓದಿ ಒಲಿಗೆ ಹಾಕಿದೆ.

ಒಂದ ಮಾತು ಬೇಡಿದ್ದೆ. ನೀ ಅದನ್ನೂ ಕೊಡಲಿಲ್ಲ. ಅವನ್ನ ಕರಕೊಂಡ ಹೋಗಾಕ ನಾ ಬರೂದಿಲ್ಲ. ಸಾಕಾಗೇತಿ. ನಿನ್ನ ಖರೇ, ಅವನ ಬಾಟ್ಲಿ, ಇಬ್ಬರೂ ಇಟಗೊಂಡ ಕೂಡ್ರಿ.

ಇಲ್ಲಿ ದಿನಾ ಕೇಳ್ತಾರ. ಬಾಜೂ ಮಗ್ಗದ ಖುಶನುಮಾ ಕೇಳ್ತಾಳ, “ಭಾಬಿ, ಭಾಯಿಸಾಬ್ ಛಲೋ ಆಗಿ ಬಂದ್ರೇನು?” ಅಂತ. ಲಾಳಿ ಎಸಿಯೂದು ತಪ್ಪತೈತಿ, ಎಳಿ ಹರೀತೈತಿ.

ಇನ್ನ ಮ್ಯಾಲೆ ನನಗ ಖರೇ ಬರೀಬ್ಯಾಡ. ಬರದ್ರ ಒಡಿಯೂದಿಲ್ಲ. ಬರಿಯೂದಿದ್ರ ಒಂದ ಛಲೋ ಕಾಗದ ಬರಿ, ಓಣ್ಯಾಗ ನಾಲ್ಕ ಮಂದಿ ಮುಂದ ಓದಿ ತೋರಸೂವಂಥಾದ್ದು. ಅಷ್ಟ ಬರತೇತೇನು ನಿನಗ?

ಗುರುಲಿಂಗವ್ವ

—

ಬಾದಾಮಿ
3 ನವೆಂಬರ್ 2024

ಅವ್ವಾ,

ಇಲ್ಲಿ ಎಲ್ಲಾ ಛಲೋ ಐತಿ.

ಅಪ್ಪ ಆರಾಮಾಗಿ ಇದ್ದಾನೆ. ಕುಡಿಯುವುದನ್ನು ಪೂರ್ತಿ ಬಿಟ್ಟಿದ್ದಾನೆ. ದೀಪಾವಳಿ ಮುಗಿಯಿತು, ಇನ್ನು ಕಾಗದ ತೆಗೆದುಕೊಂಡು ಡಿಪೋಕ್ಕೆ ಹೋಗುತ್ತಾನೆ. ಆ ಬಳ್ಳಿಯನ್ನು ನಾವಿಬ್ಬರೂ ಸೇರಿ ಬೇರು ಸಮೇತ ಕಿತ್ತು ಸುಟ್ಟೆವು. ಸೂಜಿಯಲ್ಲಿ ದಾರ ಪೋಣಿಸಿ ಅಪ್ಪ ರಮಾಬಾಯಿ ಕಾಕು ಅವರ ರವಿಕೆಗೆ ಗುಂಡಿ ಹಚ್ಚಿಕೊಟ್ಟ. ಖುಶನುಮಾ ಅತ್ತೆಗೂ ಹೇಳು.

ಮುಧೋಳದಿಂದ ಒಂದು ಹೆಣ್ಣು ಮರಿ ತಂದಿದ್ದೇವೆ. ಇದಕ್ಕೂ ಚಿಗರಿ ಎಂದೇ ಹೆಸರಿಟ್ಟಿದ್ದೇವೆ. ಅಪ್ಪ ಕೈ ಚಾಚಿದರೆ ಓಡಿ ಬಂದು ಆ ಕೈಯಿಂದಲೇ ತಿನ್ನುತ್ತದೆ.

ನಿನ್ನ ಮಗ,
ನಾಗಲಿಂಗ